ಕೆಲಸದ ಮೊರಕ್ಕೆ ಬಿದ್ದ ಬೆಲ್ಟು

ಪೂಂಗೊಡಿ ಮುದ್ದೆಗೆ ಎಸರಿಡುತ್ತಿದ್ದಾಗ ಬೆನ್ನಿಗೆ ಬೆಲ್ಟು ಬಿತ್ತು.

"ಕುಡ್ಲು ತಕಬಾ ಅಂದ್ರ ಮಚ್ಚು ತತ್ತೀಯಲ್ಲಮ್ಮಿ!"

ಹೊಡೆದವನು ಗಂಡ ದೇವರಾಜು. ತಮಿಳು ಮನೆಮಾತಿನ ಪೂಂಗೊಡಿ ಗಡಿಯಾಚೆಯಿಂದ ಹನೂರು ಕಡೆಯ ಶಾಗ್ಯಕ್ಕೆ ಮದುವೆಯಾಗಿ ಬಂದವಳು. ಕುಡುಗೋಲಿಗೆ ಇಲ್ಲಿ ಏನೆನ್ನುತ್ತಾರೆಂದು ಅವಳಿಗೆ ಗೊತ್ತಾದದ್ದು ಹಾಗೆ.

ಹಿಂದೊಮ್ಮೆ ಅವನ ಹೊಡೆತಕ್ಕೆ ಕೈ ಮುರಿದಾಗ ಅವಳು ಹನೂರಿನ ಠಾಣೆಗೆ ಹೋಗಿದ್ದಳು. ಮನೆಯಲ್ಲಿ ತಮಿಳು ಬರುತ್ತಿದ್ದುದು ಭಾವ ರಂಗಸ್ವಾಮಿಗೆ ಮಾತ್ರ. ಅವಳು ಅಳುತ್ತ ಹೇಳಿದ್ದನ್ನೆಲ್ಲ ಜೊತೆಗೆ ಬಂದಿದ್ದ ಅವನು ಕನ್ನಡಕ್ಕೆ ತಿರುಗಿಸಿದ: "ಸೊಪ್ಪಿನ ಒರೆ ಒತ್ಕಂಡು ಬಿದ್ಬುಟ್ಲಂತ ಸಾ." ಪೊಲೀಸರು ಇಬ್ಬರನ್ನೂ ಮನೆಗೆ ಕಳಿಸಿದರು. 'ಬಿದ್ದಳು' ಎಂದರೇನೆಂದು ಅವಳಿಗೆ ತಿಳಿದದ್ದು ತಿಂಗಳುಗಳ ನಂತರ. ಅಂದೇ ಅವಳು ಭವ್ಯಶ್ರೀಯ ತರಗತಿಗೆ ಸೇರಿದಳು.

ಭವ್ಯಶ್ರೀ ಮಧ್ಯಾಹ್ನದ ಹೊತ್ತು ಅಂಗನವಾಡಿಯಲ್ಲಿ ಇಂಥ ಸೊಸೆಯರಿಗೆ ಕನ್ನಡ ಕಲಿಸುತ್ತಾಳೆ. ಮುಂದೆ ಮೂರು ಮೊರ ಇರುತ್ತವೆ: ಹೆಸರಿಗೊಂದು, ಕೆಲಸಕ್ಕೊಂದು, ಗುಣಕ್ಕೊಂದು. ಗೊತ್ತಿರುವ ಪದವನ್ನು ಹೇಳಿ, ಅದರ ಚೀಟಿಯನ್ನು ಸರಿಯಾದ ಮೊರಕ್ಕೆ ಹಾಕಬೇಕು. ಪೂಂಗೊಡಿಯ ಗುಣದ ಮೊರದಲ್ಲಿ ಇದ್ದದ್ದು ಸೋಂಬೇರಿ, ಕೊಳಕಿ. ಕೆಲಸದ ಮೊರದಲ್ಲಿ ಬಾ, ತಾ, ಇಕ್ಕು, ಬಾಯಿ ಮುಚ್ಚು. ಬೆನ್ನಿಗೆ ಏಟು ಬಿದ್ದ ಆ ದಿನ 'ಬೆಲ್ಟು' ಚೀಟಿಯನ್ನೂ ಅವಳು ಅಲ್ಲಿಗೇ ಹಾಕಿದಳು.

ಪಕ್ಕದವಳು ನಕ್ಕಳು. "ಅಯ್, ಅದು ಸೊಂಟಕ್ಕ ಕಟ್ಕಳದು ಕಣಕ್ಕ. ಅದೇನ್ ಕೆಲ್ಸ ಮಾಡ್ದಾದು?"

ಪೂಂಗೊಡಿ ಸೆರಗು ಸರಿಸಿ ಬೆನ್ನು ತೋರಿಸಿದಳು. ಹಳೆಯ ಬಾಸುಂಡೆಗಳ ಮೇಲೆ ಹೊಸವು ಎದ್ದು, ರವಿಕೆಗೆ ರಕ್ತ ಅಂಟಿತ್ತು. ನಗು ನಿಂತಿತು. ಭವ್ಯಶ್ರೀ ಆ ಚೀಟಿಯನ್ನು ಮೊರದಿಂದ ತೆಗೆಯಲಿಲ್ಲ. ಅವತ್ತಿನ ಪಾಠ ಬಿಟ್ಟು ಎರಡೇ ಪದ ಹೇಳಿಕೊಟ್ಟಳು: 'ಹೊಡೆದ', 'ಬೀಳಲಿಲ್ಲ'.

ಮರುದಿನ ದೇವರಾಜು ಅಂಗನವಾಡಿಗೇ ನುಗ್ಗಿದ. "ಓದಿ ಡಿಸಿ ಆದೀಯೇನಮ್ಮಿ?" ಎಂದು ಜುಟ್ಟು ಹಿಡಿದು ಅವಳನ್ನು ಹೊಸ್ತಿಲಾಚೆ ಎಳೆದ. ಬೆಲ್ಟಿನ ಬಕಲ್ ಹುಬ್ಬು ಸೀಳಿತು. ಇನ್ನೊಂದು ಏಟಿಗೆ ಮುಂದಿನ ಹಲ್ಲು ಹೋಯಿತು. ಹೆಂಗಸರೆಲ್ಲ ಸೇರಿ ಅವನನ್ನು ಕೆಡವಿ, ಅವಳನ್ನು ಆಟೊದಲ್ಲಿ ಹನೂರಿಗೆ ಕರೆದೊಯ್ದರು.

ಠಾಣೆಗೆ ರಂಗಸ್ವಾಮಿ ಮೊದಲೇ ಬಂದಿದ್ದ. "ಸಾ, ಅವ್ಳಿಗ ಕನ್ನಡ ಬರಾದಿಲ್ಲ. ನಾನ್ ಏಳ್ತೀನಿ."

"ಬತ್ತದ," ಎಂದಳು ಪೂಂಗೊಡಿ, ಬಾಯಿಯ ರಕ್ತ ಒರೆಸಿಕೊಂಡು. "ನೀ ಬಾಯ್ ಮುಚ್ಚು."

ಭಾವನನ್ನು ಬಹುವಚನದಲ್ಲಿ ಮಾತಾಡಿಸಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಅವಳು ಪೊಲೀಸರ ಕಡೆ ತಿರುಗಿದಳು.

"ನಾ ಬೀಳ್ನಿಲ್ಲ. ಅವ ಒಡ್ದ. ಬೆಲ್ಟಲ್ಲಿ. ಆವತ್ತೂ."

ದೇವರಾಜು ಈಗ ಬಂಧನದಲ್ಲಿದ್ದಾನೆ. ಸೋಮವಾರ ಕೊಳ್ಳೇಗಾಲದ ನ್ಯಾಯಾಲಯದಲ್ಲಿ ಅವನ ಜಾಮೀನು ಅರ್ಜಿಯ ವಿಚಾರಣೆ ಇದೆ. ತನ್ನ ಮಾತನ್ನು ಅಲ್ಲೂ ತಾನೇ ಹೇಳಲು ಪೂಂಗೊಡಿ ಬೆಳಗಿನ ಬಸ್ಸಿಗೆ ಹೋಗುತ್ತಾಳೆ.