ಸ್ಕೋಪಿನಲ್ಲಿ ಕಂಡ ನನ್ನ ಎದೆಬಡಿತ

ಗೆಳೆಯರೇ, ಹದಿನೆಂಟು ವರ್ಷಗಳಿಂದ ಹೃದ್ರೋಗ ವೈದ್ಯನಾಗಿರುವ ನಾನು ನನ್ನ ಹೃದಯವನ್ನು ಸರಿಯಾಗಿ ನೋಡಿದ್ದು ಇಂದು, ಅಡಿಲೇಡ್ ಹೊರಗಿನ ರೈಫಲ್ ರೇಂಜಿನಲ್ಲಿ.

ದೂರದ ಗುರಿಗೆ ಹೊಡೆಯುವುದನ್ನು ಕಲಿಯಲು ಮೊದಲ ರೈಫಲ್ ಕೊಳ್ಳಬೇಕಿತ್ತು. ಅದರ ಮೇಲೆ ಕೂರಿಸಲು ಅಂಗಡಿಯಲ್ಲಿದ್ದ ಅತಿ ದೊಡ್ಡ ಸ್ಕೋಪನ್ನು, ಅಂದರೆ ದುರ್ಬೀನನ್ನು, ಮನಸ್ಸಿನಲ್ಲೇ ಆರಿಸಿಯೂ ಆಗಿತ್ತು. ಹಾಸನದ ಜುಲೇಖಾ ಆಂಟಿ ತಡೆದರು. ನಿವೃತ್ತ ನರ್ಸ್ ಆದ ಅವರು ಈ ರೇಂಜಿನ ಕ್ಲಬ್ಬಿನ ಹಳೆಯ ಸದಸ್ಯೆ. "ಮೊದ್ಲು ನನ್ನದರಲ್ಲಿ ನೋಡಿ ಡಾಕ್ಟ್ರೇ, ಆಮೇಲೆ ತಗೊಳ್ಳೋರಂತೆ," ಎಂದರು.

ಚಾಪೆಯ ಮೇಲೆ ಬೋರಲು ಮಲಗಿ ಅವರ ಖಾಲಿ ರೈಫಲ್ ಹಿಡಿದೆ. ಎಂಟುನೂರು ಮೀಟರ್ ಆಚೆಯ ಗುರಿ ಕೈಗೆಟಕುವಷ್ಟು ಹತ್ತಿರ ಕಂಡಿತು. "ಇನ್ನೂ ದೊಡ್ಡದು ಮಾಡಿ ಆಂಟಿ," ಎಂದೆ. ಅವರು ಸ್ಕೋಪಿನ ಉಂಗುರವನ್ನು ಕೊನೆಯವರೆಗೂ ತಿರುಗಿಸಿದರು. ಗುರಿಯ ಮೇಲೆ ನಿಲ್ಲಿಸಿದ್ದ ಸ್ಕೋಪಿನೊಳಗಿನ ಕಪ್ಪು ಗೆರೆಗಳು ಕುಣಿಯತೊಡಗಿದವು.

"ಸ್ಕೋಪ್ ಲೂಸ್ ಆಗಿದೆ ಆಂಟಿ!"

"ಅದು ನಿಮ್ ಹಾರ್ಟು. ದೊಡ್ಡದು ಮಾಡಿ ನೋಡಿದ್ರೆ ನಿಮ್ ನಡುಕಾನೂ ದೊಡ್ಡದಾಗೇ ಕಾಣತ್ತೆ."

ಕೊರಳಿನ ನಾಡಿ ಮುಟ್ಟಿ ನೋಡಿಕೊಂಡೆ. ಒಂದೊಂದು ಬಡಿತಕ್ಕೂ ಗೆರೆ ಒಂದೊಂದು ಸಲ ಜಿಗಿಯುತ್ತಿತ್ತು.

ಆಮೇಲೆ ಆಂಟಿ ಮಲಗಿದರು. ಸ್ಕೋಪನ್ನು ಅರ್ಧಕ್ಕೆ ಇಳಿಸಿ, ಗುಂಡು ತುಂಬಿ, ಉಸಿರು ಬಿಟ್ಟು, ಎರಡು ಬಡಿತಗಳ ನಡುವಿನ ಮೌನಕ್ಕೆ ಕಾದು ಹೊಡೆದರು. ನಟ್ಟನಡುವೆ! ಅವರಿಗೆ ಅರವತ್ತೊಂಬತ್ತು ವರ್ಷ.

ಕೊನೆಗೆ ಕೇಳಿದೆ, "ಹಾಗಾದ್ರೆ ನಾನು ಯಾವ ರೈಫಲ್ ತಗೊಳ್ಳಲಿ?"

"ಸದ್ಯಕ್ಕೆ ನನ್ನದರಲ್ಲೇ ಹೊಡೀರಿ. ಮೊದ್ಲು ಕಾಫಿ ಬಿಡಿ."

ಇದೇ ಮಾತನ್ನು ರೋಗಿಗಳಿಗೆ ದಿನವೂ ಸಲೀಸಾಗಿ ಹೇಳುವ ನಾನು ಎಂಥ ಕ್ರೂರಿ ಎಂಬುದು ಇಂದು ಗೊತ್ತಾಯಿತು.