ಅಂಪೈರನ ಮೊಣಕಾಲು

ಕುಳಿತಲ್ಲಿ ನನ್ನ ಬಲಗಾಲು ತನ್ನಷ್ಟಕ್ಕೆ ಕುಣಿಯುತ್ತದೆ. ಸ್ಟಾಫ್‌ರೂಮಿನ ಉದ್ದನೆಯ ಮೇಜಿಗೆ ಮೊಣಕಾಲು ತಾಗಿ, ಆ ತುದಿಯಲ್ಲಿ ಕುಳಿತ ಗಣಿತದ ಮಾಸ್ತರರ ಚಹಾ ಕಪ್ಪಿನಿಂದ ಬಸಿಗೆ ಚೆಲ್ಲುತ್ತದೆ. ಅವರು ನನ್ನನ್ನು ನೋಡುತ್ತಾರೆ, ನಾನು ಕಿಟಕಿಯನ್ನು ನೋಡುತ್ತೇನೆ. ಕೂತು ಕಾಲು ಅಲುಗಿಸಿದರೆ ಮನೆಗೆ ದರಿದ್ರ ಬರುತ್ತದೆಂದು ನನ್ನ ಹೆಂಡತಿ ನಂಬಿದ್ದಾಳೆ. ಕನ್ನಡ ಮಾಸ್ತರನ ಮನೆಗೆ ಅದು ಹೊಸದಾಗಿ ಬರಬೇಕಾಗಿಲ್ಲವೆಂದು ವಾದಿಸಿ ನೋಡಿದೆ. ಕಾಲೂ ನಿಲ್ಲಲಿಲ್ಲ, ಅವಳ ಬೈಗುಳವೂ ನಿಲ್ಲಲಿಲ್ಲ.

ಈ ಕಂಪನಕ್ಕೆ ಒಂದು ಜನ್ಮಸ್ಥಳವಿದೆ, ಅದು ಕಲ್ಲೋಳಿಯ ಕಬಡ್ಡಿ ಅಂಗಳ. ತಾವು ಆಡಿ ಹೆಸರು ಮಾಡಲಾಗದವರು ಆಡಿಸಿಯಾದರೂ ಹೆಸರು ಮಾಡೋಣವೆಂದು ಹೊರಡುತ್ತಾರಲ್ಲ, ನಾನು ಆ ಪಂಗಡದವನು. ವಾರವಿಡೀ ಹುಕ್ಕೇರಿಯಲ್ಲಿ ಸಂಧಿ ಸಮಾಸ ಬಿಡಿಸಿ, ರವಿವಾರ ಕೊರಳಿಗೆ ಸೀಟಿ ತೂಗಿಹಾಕಿಕೊಂಡು ಗೋಕಾಕ, ಮೂಡಲಗಿ ಎಂದು ಅಂಪೈರಿಕೆಗೆ ಅಲೆಯುತ್ತಿದ್ದೆ. ಹೊಟ್ಟೆ ಮುಂದೆ, ನಾನು ಹಿಂದೆ. ಆದರೂ ನಾನು ಸೀಟಿ ಊದಿದರೆ ಹದಿನಾಲ್ಕು ಜನ ಗಟ್ಟಿಗರು ತೆಪ್ಪಗೆ ನಿಲ್ಲುತ್ತಿದ್ದರು. ತರಗತಿಯಲ್ಲಿ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಸಿಗದ ಸುಖ ಅದು.

ಕಲ್ಲೋಳಿಯಲ್ಲಿ ಆ ರವಿವಾರ ದಾಳಿಗೆ ಹೋದವನು ಮಾಳಪ್ಪ, ಕೊಣ್ಣೂರ ಕಡೆಯ ಕುರಿ ಕಾಯುವ ಮನೆತನದವನು. ಹರದಾರಿಗಟ್ಟಲೆ ಕುರಿಗಳ ಹಿಂದೆ ನಡೆದು ಹುರಿಗೊಂಡ ಕಾಲು ಅವನದು. ಇಬ್ಬರನ್ನು ಮುಟ್ಟಿ ನಡುಗೆರೆಯತ್ತ ಹಾರಿದ; ಒಬ್ಬ ಹಿಂದಿನಿಂದ ಅವನ ಕಾಲಿನ ಹರಡು ಹಿಡಿದ, ಇನ್ನೊಬ್ಬ ಅದೇ ಕಾಲಿನ ಮೇಲೆ ಬಿದ್ದ. ಮಾಳಪ್ಪ ಗೆರೆಗೆ ಕೈ ಚಾಚಿದ. ಆಗ ಕಬ್ಬು ಮುರಿದ ಹಾಗೆ ಒಂದು ಸಪ್ಪಳ ಬಂತು. ನಾನು ಸೀಟಿ ಊದಿ, ಕೈಯೆತ್ತಿ, ಔಟ್ ಎಂದೆ. ಆಮೇಲೆ ನೋಡಿದರೆ ಅವನ ಕಾಲು ಮೊಣಕಾಲಿನ ಕೆಳಗೆ, ಬಾಗಬಾರದ ಕಡೆ ಬಾಗಿತ್ತು.

ನನ್ನ ಅಧಿಕಾರದ ವೈಭವ ನೋಡಿ ಮಹಾಶಯರೇ, ಒಬ್ಬನ ಎಲುಬು ಎರಡಾದ ಹೊತ್ತಿನಲ್ಲಿ ನಾನು ಪಾಯಿಂಟು ಹಂಚುತ್ತಿದ್ದೆ. ಜನ ಅಂಗಳಕ್ಕೆ ನುಗ್ಗಿದರು, ಅವರ ಕಾಲಡಿಯಲ್ಲಿ ಸುಣ್ಣದ ಗೆರೆ ಅಳಿಸಿಹೋಯಿತು. ಆಟವನ್ನೆಲ್ಲ ಮೊಬೈಲಿನಲ್ಲಿ ಹಿಡಿಯುತ್ತಿದ್ದವನ ವಿಡಿಯೋದಲ್ಲಿ ಆ ಕ್ಷಣಕ್ಕೆ ಕಾಣುವುದು ಬರೀ ಆಕಾಶ. ಪಾಪ, ಅವನೂ ಬೆಚ್ಚಿದ್ದ. ಮಾಳಪ್ಪನನ್ನು ಗೋಕಾಕದ ಆಸ್ಪತ್ರೆಗೆ ಒಯ್ದು ಕಾಲೊಳಗೆ ರಾಡು ಕೂರಿಸಿದರು.

ಅವನು ಮನೆಗೆ ಬಂದ ಮೇಲೆ ಮಾತಾಡಿಸಲು ಹೋದೆ. ನಮ್ಮ ಕಡೆ ಕಾಲು ಮುರಿದವನನ್ನು ನೋಡಬಂದವರು ಮೊದಲು ಕಂಬಳಿ ಸರಿಸಿ ಕಾಲು ಪರಿಶೀಲಿಸಬೇಕು, ಆಮೇಲೆ ತಮ್ಮ ಬಳಗದಲ್ಲಿ ಯಾರ್ಯಾರ ಕಾಲು ಹೇಗ್ಹೇಗೆ ಮುರಿದಿತ್ತೆಂದು ಸವಿಸ್ತಾರ ನಿರೂಪಿಸಬೇಕು. ಹೋಗುವಾಗ ಪ್ರತಿಯೊಬ್ಬರೂ ದೇವರ ಭಂಡಾರ ಹಚ್ಚಿದ್ದರಿಂದ ಅವನ ಬ್ಯಾಂಡೇಜು ಅರಿಸಿನದಲ್ಲಿ ಅದ್ದಿದಂತಿತ್ತು. ಇಷ್ಟು ಉಪಚಾರದ ನಡುವೆ ಮಾಳಪ್ಪ ನನಗೆ ಹೇಳಿದ್ದು ಒಂದೇ ಮಾತು.

"ಸರ, ನಾ ಗೆರಿ ಮುಟ್ಟಿದ್ದೆನ್ರಿ. ನೀವು ನೋಡೀರಲ್ರಿ?"

ಅವನಿಗೆಂದು ತಂದ ಬಾಳೆಹಣ್ಣನ್ನು ಸುಲಿದು ನಾನೇ ತಿಂದೆ.

ಅಲ್ಲಿಂದ ಪ್ರತಿ ರವಿವಾರ ಹೋದೆ. ಸೀಟಿ ಡ್ರಾವರಿನಲ್ಲಿ ಮಲಗಿತ್ತು, ನಾನು ಮಾತ್ರ ಎಲ್ಲಿಯೂ ನೆಟ್ಟಗೆ ಕೂರಲಾರದವನಾಗಿದ್ದೆ. ಪಾಠದ ನಡುವೆ ಸೀಮೆಸುಣ್ಣ ಚಟ್ಟೆಂದು ಮುರಿದರೆ ಸಮಾಸ ಬಿಟ್ಟು ಕಿಟಕಿಗೆ ಹೋಗುತ್ತಿದ್ದೆ. ಕಾಲು ಕುಣಿಯಲಾರಂಭಿಸಿದ್ದೂ ಆಗಲೇ. ಎಲುಬು ಕೂಡಿದೆ, ಕಾಲು ಊರು ಎಂದು ಡಾಕ್ಟರು ಹೇಳಿ ತಿಂಗಳು ಕಳೆದರೂ ಮಾಳಪ್ಪ ಕಾಲೂರಲಿಲ್ಲ. ಊರಿದರೆ ಆ ಸಪ್ಪಳ ಕೇಳುತ್ತದಂತೆ. ಹೀಗೇ ಬಿಟ್ಟರೆ ಕಾಲು ಸೊರಗುತ್ತದೆ, ಇನ್ನೆಂದೂ ಕುರಿಗಳ ಹಿಂದೆ ಹೋಗಲಾರ ಎಂದು ಡಾಕ್ಟರು ಎಚ್ಚರಿಸಿದ್ದನ್ನು ಅವನ ತಾಯಿ ಬಾಗಿಲವರೆಗೆ ಬಂದು, ಅವನಿಗೆ ಕೇಳದಂತೆ ನನಗೆ ಹೇಳಿದಳು. ಹಟ್ಟಿಯ ಕುರಿಗಳನ್ನು ಅಣ್ಣ ಹೊಡೆದುಕೊಂಡು ಹೋಗುವಾಗ ಇವನು ಗೋಡೆಯ ಕಡೆ ಹೊರಳಿ ಮಲಗುತ್ತಾನೆಂದೂ ಹೇಳಿದಳು. ನನಗೆ ನಾಚಿಕೆಯಾಯಿತು. ತಿರುಗಿ ಒಳಗೆ ಹೋದೆ.

"ಮಾಳಪ್ಪಾ, ನಾ ನೋಡಿಲ್ಲೋ. ಸಪ್ಪಳ ಕೇಳಿ ಕಣ್ಣ ಮುಚ್ಚಿದ್ದೆ. ಅಂಜಿ ಸುಮ್ಮನ ಔಟ್ ಕೊಟ್ಟೆ."

ಬೈಯುತ್ತಾನೆಂದು ಕಾದೆ. ಅವನು ಕಂಬಳಿ ಸರಿಸಿ ತನ್ನ ಕಾಲು ನೋಡಿಕೊಂಡ.

"ನಾನೂ ಕಣ್ಣ ಮುಚ್ಚಿದ್ದೆರಿ ಸರ. ಮುಟ್ಟೇನೋ ಇಲ್ಲೋ ನನಗೂ ಗೊತ್ತಿಲ್ಲ. ನಿಮಗರ ಗೊತ್ತೈತಿ ಅಂತ ಕೇಳಾಕತ್ತಿದ್ನಿ."

ಆರು ತಿಂಗಳು ನಾವಿಬ್ಬರೂ ಪರಸ್ಪರರ ಕಣ್ಣನ್ನು ನಂಬಿ ಕುಳಿತಿದ್ದೆವು, ಆ ನಾಲ್ಕೂ ಕಣ್ಣು ಮುಚ್ಚಿದ್ದವು! ನನಗೆ ನಗು ಬಂತು, ನಗಲು ಧೈರ್ಯ ಬರಲಿಲ್ಲ. ಮಾಳಪ್ಪ ತಾಯಿಯನ್ನು ಕರೆದು ಅಂಗಳದಲ್ಲಿ ಒಂದು ಗೆರೆ ಹೊಡೆಯಲು ಹೇಳಿದ. ಆಕೆ ಮಗನ ಮುಖವನ್ನೂ ನನ್ನ ಮುಖವನ್ನೂ ನೋಡಿ, ಒಲೆಯ ಬೂದಿ ತಂದು, ಹೊಸ್ತಿಲಿನಿಂದ ಎಂಟು ಹೆಜ್ಜೆ ದೂರದಲ್ಲಿ ಗೆರೆ ಎಳೆದಳು. ಅವನು ಬಡಿಗೆ ಹಿಡಿದು ಒಂಟಿಗಾಲಲ್ಲಿ ಕುಪ್ಪಳಿಸಿ ಹೊಸ್ತಿಲಿಗೆ ಬಂದ.

"ಈ ಸಲ ಕಣ್ಣ ತೆರದ ನೋಡ್ರಿ ಸರ."

ಕಾಲೂರಿದ. ತುಟಿ ಕಚ್ಚಿದ, ನಿಂತ, ಮತ್ತೆ ಊರಿದ. ಕಣ್ಣು ಮುಚ್ಚಬೇಕೆಂದು ನನ್ನ ರೆಪ್ಪೆಗಳು ಹಟ ಹಿಡಿದವು, ನಾನು ಬಿಡಲಿಲ್ಲ. ನೀರು ತುಂಬಿದರೂ ತೆರೆದೇ ಇಟ್ಟೆ. ಏಳನೆಯ ಹೆಜ್ಜೆಗೆ ಅವನ ಇಡೀ ಮೈ ನಡುಗತೊಡಗಿತು. ಅಲ್ಲಿಯೇ ಬಾಗಿ ಕೈ ಚಾಚಿದ. ಬೆರಳಿಗೂ ಬೂದಿಗೂ ನಡುವೆ ಒಂದು ಗೇಣು ಉಳಿದಿತ್ತು. ತಾಯಿ ನನ್ನತ್ತ ನೋಡಿದಳು. ಮುಟ್ಟಿದ ಅಂದುಬಿಡಿ ಎಂಬ ಬೇಡಿಕೆ ಆ ಕಣ್ಣಲ್ಲಿತ್ತು. ನಾನು ಕೈಯೆತ್ತಿದೆ.

"ಔಟ್."

ಮಾಳಪ್ಪ ಬಡಿಗೆಯ ಮೇಲೆ ಭಾರ ಹಾಕಿ ನಕ್ಕ. ಆರು ತಿಂಗಳಲ್ಲಿ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಈಗ ಖರೆ ಅಂಪೈರ ಆದ್ರಿ. ಬರೂ ಐತವಾರ ಬರ್ರಿ, ಸೀಟಿ ತಗೊಂಡ ಬರ್ರಿ."

ಹುಕ್ಕೇರಿಗೆ ಮರಳುವ ಬಸ್ಸಿನಲ್ಲಿ ಕಾಲು ಮತ್ತೆ ಶುರುಮಾಡಿತು. ಪಕ್ಕದ ಮುದುಕಿ ತನ್ನ ಮಡಿಲಿನ ಬುಟ್ಟಿ ಅಲುಗುತ್ತಿದೆಯೆಂದು ಗೊಣಗಿದಳು. ಕ್ಷಮೆ ಕೇಳಿದೆ, ಕಾಲನ್ನು ಮಾತ್ರ ಹಿಡಿದು ನಿಲ್ಲಿಸಲು ಹೋಗಲಿಲ್ಲ. ಕುಣಿದುಕೊಳ್ಳಲಿ, ರವಿವಾರಕ್ಕೆ ಇನ್ನೂ ಏಳು ದಿನವಿತ್ತು.