ಇಂದೂರಿನ ಎತ್ತಿಗೆ ನಾನು ಜಾಮೀನು ನಿಂತದ್ದು

೧೯೬೮ರಲ್ಲಿ ನಾನು ಮುಂಡಗೋಡದ ಸರ್ಕಾರಿ ದನದ ದವಾಖಾನೆಯ ಏಕೈಕ ವೈದ್ಯನಾಗಿದ್ದೆ. ಎರಡು ಕೋಣೆ, ಹಂಚಿನ ಪಡಸಾಲೆ, ಅಂಗಳದಲ್ಲಿ ದನಗಳನ್ನು ಅಲುಗಾಡದಂತೆ ನಿಲ್ಲಿಸುವ ಸಾಗವಾನಿ ಚೌಕಟ್ಟು; ಇಷ್ಟೇ ನನ್ನ ಸಾಮ್ರಾಜ್ಯ. ಆ ಚೌಕಟ್ಟಿಗೆ ಇಲಾಖೆಯವರು ‘ಟ್ರೆವಿಸ್’ ಎನ್ನುತ್ತಿದ್ದರು, ರೈತರು ‘ಕಟಕಟೆ’ ಎನ್ನುತ್ತಿದ್ದರು. ಅದರೊಳಗೆ ನಿಂತ ಎತ್ತುಗಳು ಮಾತ್ರ ನನ್ನನ್ನೇ ಆರೋಪಿಯೆಂಬಂತೆ ನೋಡುತ್ತಿದ್ದವು. ಇಂದಿಗೂ ಎಲ್ಲಾದರೂ ಕಾರ್ಬಾಲಿಕ್ ವಾಸನೆ ಬಂದರೆ ಸಾಕು, ಆ ಅಂಗಳ, ಆ ಬೆಳಗಿನ ಬಿಸಿಲು, ಸೈಕಲ್ಲಿಗೆ ಆನಿಸಿಟ್ಟ ನನ್ನ ಔಷಧದ ಪೆಟ್ಟಿಗೆ ಎಲ್ಲ ಕಣ್ಣೆದುರು ಬಂದು ನಿಲ್ಲುತ್ತವೆ.

ಅದಕ್ಕೆ ಒಂದೆರಡು ವರ್ಷ ಮೊದಲು ಟಿಬೆಟಿನಿಂದ ನೆಲೆ ತಪ್ಪಿ ಬಂದ ಜನರಿಗೆ ಸರ್ಕಾರ ಮುಂಡಗೋಡದ ಕಾಡಂಚಿನಲ್ಲಿ ಭೂಮಿ ಕೊಟ್ಟಿತ್ತು. ನಾವು ಅದನ್ನು ‘ಕ್ಯಾಂಪು’ ಎನ್ನುತ್ತಿದ್ದೆವು. ಹಿಮದ ನಾಡಿನವರು ನಮ್ಮ ಬೇಸಿಗೆಯಲ್ಲಿ ದಪ್ಪ ನಿಲುವಂಗಿ ತೊಟ್ಟು, ಅದರ ಒಂದು ತೋಳನ್ನು ಸೊಂಟಕ್ಕೆ ಕಟ್ಟಿಕೊಂಡು ಗೋವಿನಜೋಳ ಬಿತ್ತುವುದನ್ನು ಕಲಿಯುತ್ತಿದ್ದರು. ಅವರ ಬಗ್ಗೆ ಸುತ್ತಲ ಊರುಗಳಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಆದ್ದರಿಂದ ಎಲ್ಲರೂ ಎಲ್ಲವನ್ನೂ ಹೇಳುತ್ತಿದ್ದರು.

ಆ ವರ್ಷ ಮುಂಗಾರಿಗೆ ಮುಂಚಿನ ಮಳೆಯಲ್ಲೇ ಕ್ಯಾಂಪಿನ ದೋರ್ಜೆ ಎಂಬ ರೈತನ ಜೋಡೆತ್ತುಗಳಲ್ಲಿ ಒಂದು ಗಳಲೆಬೇನೆಗೆ ಬಲಿಯಾಯಿತು. ಮೊದಲ ಮಳೆಯ ಹೊತ್ತಿಗೆ ಗಂಟಲು ಬಾತು, ಉಸಿರು ಕಟ್ಟಿ ದನ ಸಾಯುವ ರೋಗವದು. ಲಸಿಕೆ ಇತ್ತು, ಆದರೆ ನನ್ನ ಲಸಿಕೆಗಿಂತ ಮಳೆ ಮೊದಲು ಬಂದಿತ್ತು. ಒಂಟಿ ಎತ್ತು ಉಳಲಾರದು. ಸರ್ಕಾರದಿಂದ ಬದಲಿ ಎತ್ತು ಬರುವುದಿತ್ತು, ಆದರೆ ಅದು ಕ್ರಮಬದ್ಧವಾಗಿ ಬರಬೇಕಾದ್ದರಿಂದ ಸುಗ್ಗಿ ಮುಗಿದ ಮೇಲೆ ಬರುವ ಲಕ್ಷಣವಿತ್ತು. ಬಿತ್ತನೆ ತಪ್ಪಿದರೆ ದೋರ್ಜೆಯ ಮನೆಗೆ ಆ ವರ್ಷದ ಅನ್ನ ತಪ್ಪಿದಂತೆ.

ಕ್ಯಾಂಪಿಗೆ ಹತ್ತಿರದ ಹಳ್ಳಿ ಇಂದೂರಿನಲ್ಲಿ ನಿಂಗವ್ವ ಎಂಬ ವಿಧವೆಯ ಬಳಿ ಎರಡು ಎತ್ತುಗಳಿದ್ದವು. ಗಂಡ ತೀರಿದ ಮೇಲೆ ಹೊಲವನ್ನು ಮೈದುನ ಫಕೀರಪ್ಪನೇ ತನ್ನ ಜೋಡಿಯಿಂದ ಉಳುತ್ತಿದ್ದ. ಬಿಳಿಯಾ ಎಂಬ ಮುದಿ ಎತ್ತು ಗಂಡನಿಗೆ ಪ್ರೀತಿಯದಾಗಿದ್ದರಿಂದ ಅದನ್ನು ಇಟ್ಟುಕೊಂಡು, ಪ್ರಾಯದ ಹಂಡ್ಯಾನನ್ನು ಮಾರಲು ಆಕೆ ಒಪ್ಪಿದ್ದಳು. ದೋರ್ಜೆಯನ್ನೂ, ಹಿಂದಿ ಬಲ್ಲ ಕ್ಯಾಂಪಿನ ಶಿಕ್ಷಕಿ ಪೆಮಾಳನ್ನೂ ನಾನೇ ಇಂದೂರಿಗೆ ಕರೆದುಕೊಂಡು ಹೋದೆ. ನನ್ನ ಹಿಂದಿ ಧಾರವಾಡದ್ದು. ಪೆಮಾ ಅದನ್ನು ತಾಳ್ಮೆಯಿಂದ ಸಹಿಸಿಕೊಂಡಳು.

ನಮ್ಮ ಕಡೆ ದನದ ವ್ಯಾಪಾರವನ್ನು ಬಾಯಿಬಿಟ್ಟು ಮಾಡುವುದಿಲ್ಲ. ಟವೆಲ್ಲಿನ ಅಡಿಯಲ್ಲಿ ಕೈ ಹಿಡಿದು ಬೆರಳು ಒತ್ತಿ ಬೆಲೆ ಹೇಳುತ್ತಾರೆ. ಅತ್ತಿಗೆಯ ಪರವಾಗಿ ಫಕೀರಪ್ಪ ಹೆಗಲ ಟವೆಲ್ ತೆಗೆದ. ಇದನ್ನು ಹಿಂದಿಯಲ್ಲಿ ಹೇಗೆ ವಿವರಿಸಲಿ ಎಂದು ನಾನು ತಡವರಿಸುತ್ತಿರುವಾಗಲೇ ದೋರ್ಜೆ ತನ್ನ ನಿಲುವಂಗಿಯ ಉದ್ದ ತೋಳನ್ನು ಮುಂದೆ ಚಾಚಿದ. ಅವರ ನಾಡಿನಲ್ಲಿ ತೋಳಿನೊಳಗೆ ಅದೇ ಬೆರಳು, ಅದೇ ಒತ್ತು! ಇಬ್ಬರೂ ಆಕಾಶ ನೋಡುತ್ತ ಗಂಭೀರವಾಗಿ ನಿಂತರು.

“ಎಲಾ ಇವನ, ನಮ್ಮ ಹುಬ್ಬಳ್ಳಿ ದಲ್ಲಾಳಿಗಿಂತ ಬಿಗಿ ಅದಾನಲ್ರಿ!” ಎಂದು ಫಕೀರಪ್ಪ ಕೊನೆಗೆ ಕೈ ಬಿಡಿಸಿಕೊಂಡ. ವ್ಯಾಪಾರ ಕುದುರಿತ್ತು.

ಆಗ ನಿಂಗವ್ವ ಹಗ್ಗ ಬಿಡಲಿಲ್ಲ. “ತಡೀರಿ. ಈ ಮಂದಿ ದನಾ ತಿಂತಾರಂತ. ನನ್ನ ಹಂಡ್ಯಾನ್ನ ಕೊಯ್ದ್ರ ಯಾರನ್ನ ಕೇಳ್ಲಿ?”

ಪೆಮಾ ಅದನ್ನು ದೋರ್ಜೆಗೆ ತಿಳಿಸಿ, ಅವನ ಉತ್ತರವನ್ನು ನನಗೆ ಹಿಂದಿಯಲ್ಲಿ ಹೇಳಿದಳು: ಮಾಂಸ ತಿನ್ನುವುದು ನಿಜ, ಸುಳ್ಳು ಹೇಳುವುದಿಲ್ಲ, ಆದರೆ ಉಳುವ ಎತ್ತಿನ ಕುತ್ತಿಗೆಗೆ ಕೈ ಹಾಕುವುದಿಲ್ಲ.

“ಬಾಯಿ ಮಾತಿಗೆ ಏನ್ ಕಿಮ್ಮತ್ತೈತಿ?” ಎಂದ ಫಕೀರಪ್ಪ. “ಸಾಹೇಬ್ರು ಜಾಮೀನು ಆಗ್ಲಿ. ಹಂಡ್ಯಾನ ಮೈಗೆ ಕತ್ತಿ ತಾಗ್ತಂದ್ರ ಇಂದೂರಿನ ಒಂದು ದನಾ ನಿಮ್ಮ ದವಾಖಾನಿ ಮೆಟ್ಲ ಹತ್ತೂದಿಲ್ಲ. ಕ್ಯಾಂಪಿನವರಿಗೂ ನಮಗೂ ಕೊಡೂದು ತಗೊಳ್ಳೂದು ಬಂದ್!”

ಇಲಾಖೆಯ ನಿಯಮಾವಳಿಯಲ್ಲಿ ಎತ್ತಿಗೆ ಜಾಮೀನು ನಿಲ್ಲುವ ಬಗ್ಗೆ ಪರವಾಗಿಯೂ ವಿರೋಧವಾಗಿಯೂ ಒಂದಕ್ಷರವಿರಲಿಲ್ಲ. ನಾನು ಟೊಪ್ಪಿಗೆ ತೆಗೆದು, ಹಂಡ್ಯಾನ ಬೆನ್ನ ಮೇಲೆ ಕೈಯಿಟ್ಟು ಒಪ್ಪಿಕೊಂಡೆ. ಹಂಡ್ಯಾ ಬಾಲ ಬೀಸಿದ.

ಕ್ಯಾಂಪಿನ ಹೊಲ ಉತ್ತು ಬಿತ್ತಿಯಾಯಿತು, ಕಾರಹುಣ್ಣಿಮೆ ಬಂತು. ನಮ್ಮಲ್ಲಿ ಅಂದು ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಕೊಡಬಳೆ ತಿನ್ನಿಸುತ್ತಾರೆ. ನಿಂಗವ್ವನಿಗೆ ಮಾರಿದ ಎತ್ತಿನ ಮೇಲಿನ ಜೀವ ತಡೆಯಲಿಲ್ಲ. ಉಡಿಯಲ್ಲಿ ಕೊಡಬಳೆ ಕಟ್ಟಿಕೊಂಡು ಕ್ಯಾಂಪಿಗೆ ನಡೆದಳು. ಅಲ್ಲಿ ಕಂಡದ್ದು, ಹಂಡ್ಯಾನ ಕಿವಿಗೆ ತೂತು ಮಾಡಿ ಪೋಣಿಸಿದ್ದ ಕೆಂಪು ಬಟ್ಟೆಯ ಪಟ್ಟಿ. ಇಂದೂರಿನಲ್ಲಿ ದೇವಿಗೆ ಬಲಿ ಕೊಡುವ ಕುರಿಗೆ ಮೊದಲು ಕೆಂಪು ಬಟ್ಟೆ ಕಟ್ಟುತ್ತಾರೆ. ಕತ್ತಿ ಆಮೇಲೆ ಬರುತ್ತದೆ. ಆಕೆ ಕೊಡಬಳೆಯನ್ನೂ ಕೊಡದೆ ಎದೆ ಬಡಿದುಕೊಳ್ಳುತ್ತ ಊರಿಗೆ ಮರಳಿದಳು.

ಸ್ವಲ್ಪ ಹೊತ್ತಿಗೆ ಇಂದೂರಿನ ಗಂಡಸರು ಬಡಿಗೆ ಹಿಡಿದು ನನ್ನ ಅಂಗಳದಲ್ಲಿದ್ದರು, ನಿಂಗವ್ವ ಅವರ ಮುಂದೆ.

“ಏನ್ರಿ ಜಾಮೀನುದಾರ್ರ, ಹಬ್ಬದ ಊಟ ಆತೇನು?” ಎಂದ ಫಕೀರಪ್ಪ. “ಅಲ್ಲಿ ಅಡಿಗಿ ತಯಾರಿ ನಡದೈತಿ. ನಡೀರಿ, ನಿಮಗೂ ಎಲಿ ಹಾಕ್ಯಾರು!”

ನನ್ನ ಬಳಿ ಸೈಕಲ್ಲಿತ್ತು. ಆದರೆ ಹತ್ತಿದರೆ ಜಾಮೀನುದಾರ ಪರಾರಿ ಎಂಬ ಮಾತು ಬರುತ್ತದೆಂದು ಅದನ್ನು ತಳ್ಳಿಕೊಂಡೇ ಅವರ ನಡುವೆ ಹೊರಟೆ. ದಾರಿಯುದ್ದಕ್ಕೂ ನಿಂಗವ್ವ ಒಂದೇ ಮಾತು ಹೇಳುತ್ತಿದ್ದಳು: “ನನ್ನ ಕೈಯಾರೆ ಹಗ್ಗಾ ಕೊಟ್ನೆಲ್ಲೋ ಶಿವನ.”

ದೋರ್ಜೆ ಇಷ್ಟು ಜನರನ್ನು ಕಂಡು ಹಬ್ಬಕ್ಕೆ ಬಂದ ಅತಿಥಿಗಳೆಂದೇ ತಿಳಿದ. ಅವನ ಹೆಂಡತಿ ಬೆಣ್ಣೆ, ಉಪ್ಪು ಹಾಕಿದ ಚಹಾ ತಂದು ಬಡಿಗೆ ಹಿಡಿದವರ ಕೈಗೇ ಬಟ್ಟಲು ಕೊಡತೊಡಗಿದಳು. ಒಂದು ಕೈಯಲ್ಲಿ ಬಡಿಗೆ, ಇನ್ನೊಂದರಲ್ಲಿ ಚಹಾ ಹಿಡಿದವನು ಎಷ್ಟು ಪ್ರಯತ್ನಪಟ್ಟರೂ ಉಗ್ರನಾಗಿ ಕಾಣುವುದಿಲ್ಲ. ಪೆಮಾ ಓಡಿ ಬಂದಳು. ನಾನು ಕಿವಿಯ ಪಟ್ಟಿ ತೋರಿಸಿ ಕಾರಣ ಕೇಳಿದೆ. ಆಕೆಯ ಉತ್ತರವನ್ನು ತುಂಡುತುಂಡಾಗಿ ಕನ್ನಡಕ್ಕೆ ತಿರುಗಿಸಿದೆ.

ಅವರ ಧರ್ಮದಲ್ಲಿ ಪ್ರಾಣಿಯ ಕಿವಿಗೆ ಹೀಗೆ ಪಟ್ಟಿ ಕಟ್ಟಿದರೆ ಅದರ ಜೀವ ಬಿಟ್ಟುಕೊಟ್ಟಂತೆ. ದುಡಿಯಲಿ, ದುಡಿಯದಿರಲಿ, ಅದನ್ನು ಯಾರೂ ಕೊಲ್ಲುವಂತಿಲ್ಲ, ಕೊಲ್ಲುವವನಿಗೆ ಮಾರುವಂತಿಲ್ಲ.

“ನಾನೇ ಜಾಮೀನು ನಿಂತಿದ್ದೆನಲ್ಲ, ಮತ್ತೆ ಇದು ಯಾಕೆ?” ಎಂದು ಕೇಳಿದೆ. ದೋರ್ಜೆ ಸಂಕೋಚದಿಂದ ಏನೋ ಹೇಳಿದ. ಪೆಮಾ ನನ್ನ ಮುಖ ನೋಡದೆ ಅನುವಾದಿಸಿದಳು: “ಸಾಹೇಬರಿಗೆ ವರ್ಗ ಆಗುತ್ತದೆ. ಆ ತಾಯಿಗೆ ಆಮೇಲೆ ಯಾರು ದಿಕ್ಕು ಎಂದು ಕಟ್ಟಿದೆ.”

ಸರ್ಕಾರದ ಗೌರವಕ್ಕೆ ಧಕ್ಕೆ ತರುವ ಮಾತಾದರೂ ನಾನು ಅದನ್ನು ನಿಷ್ಠೆಯಿಂದ ಕನ್ನಡಕ್ಕೆ ತಂದೆ.

ಫಕೀರಪ್ಪ ನಂಬಲಿಲ್ಲ. “ಕಥಿ ಯಾರ್ ಹೇಳೂದಿಲ್ಲ? ಕೆಂಪು ಕಟ್ಟಿದ್ದು ಉಳದಿದ್ದನ್ನ ನಾ ಹುಟ್ಟಿದಾಗಿಂದ ನೋಡಿಲ್ಲ.” ಅತ್ತಿಗೆಯ ಕಡೆ ತಿರುಗಿದ. “ವೈನಿ, ಹಗ್ಗಾ ಹಿಡಿ. ಎತ್ತು ಹೊಡಕೊಂಡು ಹೋಗೂಣು.”

ಬಿತ್ತಿದ ಹೊಲದಲ್ಲಿ ಎಡೆ ಹೊಡೆಯುವ, ಎಂದರೆ ಜೋಡೆತ್ತು ಹೂಡಿ ಸಾಲುಗಳ ಕಳೆ ತೆಗೆಯುವ ಕೆಲಸ ಬಾಕಿಯಿತ್ತು. ದೋರ್ಜೆ ಹೋಗಿ ಹಂಡ್ಯಾನ ಗೂಟದ ಬಳಿ ನಿಂತ. ಪೆಮಾ ಮಾತ್ರ ಎಲ್ಲರಿಗೂ ಬನ್ನಿರೆಂದು ಕೈಮಾಡಿ ಕೊಟ್ಟಿಗೆಯ ಹಿಂದಕ್ಕೆ ನಡೆದಳು. ನಾವೆಲ್ಲ ಹಿಂಬಾಲಿಸಿದೆವು. ಅಲ್ಲಿ ಹುಲ್ಲಿನ ಮಧ್ಯೆ ಕಪ್ಪು ಮುದಿ ಎತ್ತೊಂದು ಮಲಗಿತ್ತು. ಒಂದು ಕೋಡು ಮೊಟಕು. ಕಿವಿಯಲ್ಲಿ ಬಿಸಿಲಿಗೆ ಮಾಸಿದ ಪಟ್ಟಿ. ಕಳೆದ ವರ್ಷ ಸಂತೆಯಲ್ಲಿ ಕಟುಕನ ಹಗ್ಗದಿಂದ ಬಿಡಿಸಿ ತಂದದ್ದು, ಕಾಲು ಕುಂಟಾದ್ದರಿಂದ ಯಾವ ಕೆಲಸಕ್ಕೂ ಬಾರದು, ಸುಮ್ಮನೆ ಮೇಯುತ್ತದೆ ಎಂದಳು ಪೆಮಾ.

ನಾನು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಎತ್ತು ಎದ್ದಿತು. ಕುಂಟುತ್ತ ಬಂದು ನಿಂಗವ್ವನ ಉಡಿಗೆ ಮೂತಿ ತೂರಿಸಿತು. ಕೊಡಬಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು.

“ಕರಿಯಾ!” ಎಂದಳು ನಿಂಗವ್ವ. ಬಿಳಿಯಾನ ಜೊತೆ ನೊಗ ಹೊತ್ತ ಆಕೆಯ ಹಳೆಯ ಎತ್ತು ಅದು. ಆಮೇಲೆ ಮೈದುನನ ಕಡೆ ತಿರುಗಿದಳು. “ಲೇ ಫಕೀರ್ಯಾ, ಕರಿಯಾನ್ನ ಯಲ್ಲಾಪುರದ ಬೀಗರ ಮನ್ಯಾಗ ಬಿಟ್ಟೇನಿ, ಹುಲ್ಲು ತಿಂದು ಆರಾಮ ಐತಿ ಅಂದಿದ್ದೆಲ್ಲೋ? ಇವರೇನೋ ನಿನ್ನ ಬೀಗರು?”

ಫಕೀರಪ್ಪ ಚಹಾದ ಬಟ್ಟಲನ್ನು ಅತ್ಯಂತ ಆಸಕ್ತಿಯಿಂದ ನೋಡತೊಡಗಿದ. ಉಳಿದ ಗಂಡಸರಲ್ಲಿ ಒಬ್ಬರೂ ಅವನ ಪರ ಮಾತಾಡಲಿಲ್ಲ. ಮುದಿ ಎತ್ತುಗಳು ಎಲ್ಲರ ಮನೆಯಲ್ಲೂ ಇದ್ದವು, ದೂರದ ಬೀಗರೂ ಇದ್ದರು. ಬಡಿಗೆಗಳು ಒಂದೊಂದಾಗಿ ಗೋಡೆಗೆ ಒರಗಿದವು.

ನಿಂಗವ್ವ ಉಳಿದ ಕೊಡಬಳೆಗಳನ್ನು ಹಂಡ್ಯಾನಿಗೆ ತಿನ್ನಿಸಿದಳು. ಕಿವಿಯ ತೂತನ್ನು ಅರಳಿಸಿ ನೋಡಿ, “ಅರಿಷಿಣ ಹಚ್ಚಬೇಕಿಲ್ಲೇನ್ರಿ? ಹುಳಾ ಬಿದ್ದೀತು,” ಎಂದು ದೋರ್ಜೆಯನ್ನು ಕನ್ನಡದಲ್ಲೇ ಬೈದಳು. ಅವನು ತಲೆಯಾಡಿಸಿದ. ಆಮೇಲೆ ಆಕೆ ನನ್ನ ಬಳಿ ಬಂದು ದನಿ ತಗ್ಗಿಸಿ, ಆದರೆ ಮೈದುನನಿಗೆ ಕೇಳಿಸುವಂತೆ ಹೇಳಿದಳು:

“ಸಾಹೇಬ್ರ, ಮನ್ಯಾಗ ನನ್ನ ಬಿಳಿಯಾ ಒಬ್ಬನ ಅದಾನ. ಅವನ ಕಿವಿಗೂ ಒಂದು ಕೆಂಪು ಕಟ್ಟಿ ಕೊಡಂತ ಹೇಳ್ರಿ.”

ಮರುದಿನವೇ ದೋರ್ಜೆ ಪಟ್ಟಿ ತಂದ. ದವಾಖಾನೆಯ ಕಟಕಟೆಯಲ್ಲಿ, ಸರ್ಕಾರಿ ಸೂಜಿ ಮತ್ತು ಟಿಂಕ್ಚರ್ ಅಯೋಡಿನ್ ಬಳಸಿ, ಬಿಳಿಯಾನ ಕಿವಿಯನ್ನು ನಾನೇ ಚುಚ್ಚಿದೆ. ನನ್ನ ವೃತ್ತಿಜೀವನದಲ್ಲಿ ಪಠ್ಯಪುಸ್ತಕದ ಹೊರಗೆ ಮಾಡಿದ ಏಕೈಕ ಶಸ್ತ್ರಚಿಕಿತ್ಸೆ ಅದು, ಯಶಸ್ವಿಯೂ ಆಯಿತು.

ಪಶುವೈದ್ಯರಿಗೆ ಮೊದಲ ಪಾಠವೆಂದರೆ, ದನವನ್ನು ಕಣ್ಣಾರೆ ನೋಡದೆ ಔಷಧಿ ಬರೆಯಬಾರದು. ಮುಂದೆ ಎಷ್ಟೋ ಊರುಗಳಲ್ಲಿ, ಹೊಸದಾಗಿ ಬಂದು ನೆಲೆಸಿದವರು ಎಂಥವರೆಂದು ಕಟ್ಟೆಯ ಮೇಲೆ ತೀರ್ಪು ನಡೆಯುತ್ತಿದ್ದಾಗ ನಾನು “ನಡೀರಿ, ಹೋಗಿ ನೋಡೂಣು” ಎಂದು ಎದ್ದು ನಿಂತದ್ದುಂಟು. ಹೆಚ್ಚಿನವರು ಕುಳಿತೇ ಇರುತ್ತಿದ್ದರು. ಆಗೆಲ್ಲ ನನಗೆ ಇಂದೂರಿನವರು ನೆನಪಾಗುತ್ತಿದ್ದರು. ಅವರು ಬಡಿಗೆ ಹಿಡಿದೇ ಹೋಗಿದ್ದರು, ನಿಜ, ಆದರೆ ಹೋಗಿದ್ದರು.